ಕಾಲು ಕೂಡಿಸಿ ಇಳಿಯುವುದು

ವಿಮಾನದಿಂದ ಹಾರುವವನನ್ನು ಕಟ್ಟಿಕೊಂಡವಳು ಅಂತ ಉಪ್ಪುಂದದ ಹೆಂಗಸರು ನನ್ನನ್ನು ಬಹಳ ಕಾಲ ಆಡಿಕೊಂಡರು. ಬಾವಿಕಟ್ಟೆಯಲ್ಲಿ ಕೊಡ ಇಟ್ಟರೆ ಸಾಕು, "ಹ್ವಾಯ್, ಅಷ್ಟ್ ಮೇಲಿಂದ ಹಾರೂಕ್ ಅವ್ರಿಗ್ ಹೆದ್ರಿಕೆ ಆತ್ತಿಲ್ಯಾ?" ಅಂತ ಶುರು. ಎಲ್ಲರಿಗೂ ಹಾರುವುದರದ್ದೇ ಚಿಂತೆ. ಇಳಿಯುವುದು ಹೇಗೆ ಅಂತ ಒಬ್ಬಳೂ ಕೇಳಲಿಲ್ಲ. ಕೇಳಿದ್ದರೆ ಅರ್ಧ ದಿನ ಕೂರಿಸಿ ಹೇಳುತ್ತಿದ್ದೆ, ಯಾಕೆಂದರೆ ನನ್ನ ಗಂಡನಿಗೆ ಇಳಿಯುವುದನ್ನು ಕಲಿಸಿದವಳು ನಾನೇ. ಕಲಿಸಿದೆ ಅಂತ ನಂಬಿಕೊಂಡವಳು ಅಂದರೆ ಹೆಚ್ಚು ಸರಿ.

ನನ್ನ ತವರು ಹಂಗಾರಕಟ್ಟೆ. ಅಪ್ಪನದು ದೋಣಿ ಕಟ್ಟುವ ಕೆಲಸ. ಮದುವೆಯಾಗಿ ಬಂದದ್ದು ಉಪ್ಪುಂದದ ಮೀನುಗಾರರ ಮನೆಗೆ. ನನ್ನ ಗಂಡ ಚೀನಾ ಯುದ್ಧದ ಹೊತ್ತಿಗೆ ಸೈನ್ಯ ಸೇರಿದವರು. ವರ್ಷಕ್ಕೆ ಎರಡು ತಿಂಗಳು ರಜೆ. ಉಳಿದ ಹತ್ತು ತಿಂಗಳು ನಾನು, ಅತ್ತೆ, ಮಾವ, ಒಣಗಿಸಿದ ಮೀನು. ಮದುವೆಯಾದ ಹೆಣ್ಣಿಗೆ ಗಂಡನ ಮುಖ ಮರೆತುಹೋಗುತ್ತದೆ ಅಂದರೆ ನಗಬೇಡಿ, ನನಗೆ ನಿಜವಾಗಿ ಮರೆತುಹೋಗುತ್ತಿತ್ತು. ಮೂಗು ನೆನಪಿಗೆ ಬಂದರೆ ಕಣ್ಣು ಬರುತ್ತಿರಲಿಲ್ಲ.

ಹಾಗಿರುವಾಗ ಒಂದು ವರ್ಷ ಅವರು ಪ್ಯಾರಾಚೂಟ್ ಪಡೆಗೆ ಹೆಸರು ಕೊಟ್ಟರು. ಅದಕ್ಕೆ ಉತ್ತರದಲ್ಲಿ ಎಲ್ಲೋ ಒಂದು ತರಬೇತಿ ಶಾಲೆ. ಮೊದಲು ನೆಲದ ಮೇಲೆ ಪಾಠ, ಅದರಲ್ಲಿ ಪಾಸಾದವರಿಗೆ ವಿಮಾನ. ವಿಮಾನದಿಂದ ಐದು ಸಲ ಹಾರಿ ನೆಟ್ಟಗೆ ಎದ್ದು ನಿಂತರೆ ಎದೆಗೆ ರೆಕ್ಕೆಯ ಗುರುತು ಹಾಕುತ್ತಾರೆ. ರೆಕ್ಕೆಯ ಆಸೆ ನನಗೆ ಇರಲಿಲ್ಲ. ಆದರೆ ಆ ಪಡೆಯವರಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಇಟ್ಟುಕೊಳ್ಳಲು ಸಾಲುಮನೆಯಲ್ಲಿ ಎರಡು ಕೋಣೆ ಸಿಗುತ್ತದೆ ಅಂತ ಅವರ ಸಾಹೇಬರು ಹೇಳಿದ್ದರಂತೆ. ಆ ಎರಡು ಕೋಣೆಗೆ ನಾನು ಬಿದ್ದೆ. ಯಾವ ಗೋಡೆಗೆ ಒಲೆ, ಯಾವ ಕಿಟಕಿಗೆ ಹಳೆ ಸೀರೆಯ ಪರದೆ ಅಂತ ಉಪ್ಪುಂದದಲ್ಲಿ ಕೂತೇ ನಿರ್ಧಾರ ಮಾಡಿಬಿಟ್ಟಿದ್ದೆ. ಅಷ್ಟು ಬೇಕಾಗಿತ್ತು ನನಗೆ ಅದು. ಆಮೇಲೆ ಯಾವುದನ್ನೂ ಅಷ್ಟು ಬೇಕು ಅಂದುಕೊಂಡಿಲ್ಲ, ಅಂದುಕೊಳ್ಳುವ ಧೈರ್ಯವೂ ಬರಲಿಲ್ಲ.

ಅವರು ವಿಮಾನ ಹತ್ತಲೇ ಇಲ್ಲ. ನೆಲದ ಪಾಠದಲ್ಲೇ ಬಿದ್ದರು. ಕಟ್ಟೆಯ ಮೇಲಿಂದ ಸಾಲಾಗಿ ಹಾರುವ ಅಭ್ಯಾಸದಲ್ಲಿ ಎಲ್ಲರ ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಿದರೆ ಇವರ ಬಲಗಾಲು ಮಾತ್ರ ಮುಂದೆ ಹೋಗಿ ಮೊದಲು ಮುಟ್ಟುತ್ತಿತ್ತಂತೆ. ಕಲಿಸುವ ಉಸ್ತಾದ ಪಂಜಾಬಿನವನು. ಇವರ ಎರಡು ಮಂಡಿಗಳ ನಡುವೆ ಬೆತ್ತ ತೂರಿಸಿ "ಪೈರ್ ಜೋಡೋ!" ಅಂತ ಕಿರುಚುತ್ತಿದ್ದನಂತೆ. ಕಾಲು ಕೂಡಿಸು ಅಂತ ಅದರ ಅರ್ಥ. ಕೂಡಿಸಿ ನಿಲ್ಲುವುದೇನೋ ಆಗುತ್ತಿತ್ತು. ಹಾರಿದ ಕೂಡಲೇ ಬಲಗಾಲು ಮುಂದೆ. ಹಾಗೆ ಒಂದು ದಿನ ಪಾದದ ಗಂಟು, ಆ ಹರಡು, ಉಳುಕಿ ಮಡಕೆಯ ಹಾಗೆ ಊದಿತು. ವಾಪಸು ಕಳಿಸಿದರು. ಮುಂದಿನ ತಂಡದ ಜೊತೆ ಇನ್ನೊಂದು ಸಲ ಬಾ, ಅದೇ ಕೊನೆ ಅಂದರು. ನಡುವೆ ರಜೆ ಬಂತು. ಕೊಯ್ಲು ಮುಗಿದ ಚಳಿಗಾಲದಲ್ಲಿ ಕುಂಟುತ್ತಾ ಮನೆಗೆ ಬಂದರು.

"ಆ ಉಸ್ತಾದ ಬೈದದ್ದಕ್ ಬೇಜಾರಿಲ್ಲೆ. ನನ್ ಕಾಲ್ ನನ್ ಮಾತೇ ಕೇಂತಿಲ್ಲೆ ಅಂದ್ರೆ ಎಂತ ಮಾಡೂದ್ ಹೇಳ್?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ನಮ್ಮ ಕಡಲ ದಂಡೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿತ್ತು. ಆ ಕಾಲು ಅವರ ಅಪ್ಪನ ಮಾತು ಕೇಳುತ್ತಿತ್ತು.

ನಮ್ಮಲ್ಲಿ ದೋಣಿ ನಿಲ್ಲಿಸಲು ಕಲ್ಲು ಕಟ್ಟಿದ ಧಕ್ಕೆ ಇರಲಿಲ್ಲ. ಕಡಲಿನಿಂದ ಬರುವ ದೋಣಿ ಅಲೆಯ ಬೆನ್ನೇರಿ ನೇರ ಮರಳಿಗೆ ಬರುತ್ತದೆ. ಮರಳು ಮುಟ್ಟುವ ಮೊದಲು ಮೂತಿಯಲ್ಲಿ, ಅಂದರೆ ದೋಣಿಯ ಮುಂತುದಿಯಲ್ಲಿ, ನಿಂತವನು ಹಗ್ಗ ಹಿಡಿದು ಹಾರಬೇಕು. ಹಾರುವಾಗ ಒಂದು ಕಾಲು ಮುಂದೆ ಚಾಚಬೇಕು, ಇನ್ನೊಂದು ಹಿಂದೆ ಊರಬೇಕು, ನಡುವೆ ಎರಡು ಮೊಳ ಅಂತರ ಇರಬೇಕು. ಯಾಕೆಂದರೆ ಬಂದ ಅಲೆ ವಾಪಸು ಹೋಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಕಾಲು ಕೂಡಿಸಿ ನಿಂತವನು ಬೀಳುತ್ತಾನೆ, ಬಿದ್ದವನ ಮೇಲೆ ದೋಣಿಯ ಮೂತಿ ಹತ್ತುತ್ತದೆ. ಹಾಗೆ ಎದೆ ಒಡೆದು ಸತ್ತವರು ನಮ್ಮ ದಂಡೆಯಲ್ಲಿ ಇದ್ದರು. ಮಾವ ತಮ್ಮ ಮಗನಿಗೆ ಹಲ್ಲು ಬೀಳುವ ಪ್ರಾಯದಲ್ಲೇ ಇದನ್ನು ಕಲಿಸಿದ್ದರು. ಕಾಲುಗಳು ಹತ್ತಿರ ಬಂದರೆ ದೋಣಿ ನಡೆಸುವ ಹುಟ್ಟಿನ ತುದಿಯಿಂದ ಮೀನಖಂಡಕ್ಕೆ ಒಂದು ಬೀಳುತ್ತಿತ್ತು. "ನೀರ್ ಎಳಿತ್ತ್ ಮಗಾ. ಒಂದ್ ಕಾಲ್ ಮುಂದ್ ಹಾಕ್, ಒಂದ್ ಹಿಂದ್ ಊರ್. ಕೂಡ್ಸ್ರೆ ಸತ್ತೆ."

ಅಲ್ಲಿ ಉಸ್ತಾದನ ಬೆತ್ತ, ಇಲ್ಲಿ ಅಪ್ಪನ ಹುಟ್ಟು. ಅಪ್ಪನ ಹುಟ್ಟು ಮೊದಲು ಬಿದ್ದದ್ದು.

ಹರಡಿನ ಊತ ಇಳಿದ ಮೇಲೆ ಅಭ್ಯಾಸ ಮಾಡುವ ಅಂತ ನಾನೇ ಎಬ್ಬಿಸಿದೆ. ಶುರು ಮಾಡಿದ್ದು ದಂಡೆಯಲ್ಲೇ. ಮರಳಿಗೆ ಬಿದ್ದರೆ ಪೆಟ್ಟಾಗುವುದಿಲ್ಲ ಅಂತ ನನ್ನ ಬುದ್ಧಿ. ದಡಕ್ಕೆ ಎಳೆದಿಟ್ಟ ದೋಣಿಯ ಮೂತಿಯ ಮೇಲೆ ಅವರು ನಿಲ್ಲುವುದು, ನಾನು ಕೆಳಗೆ ನಿಂತು ಅವರ ಮಂಡಿಗಳ ನಡುವೆ ತೆಂಗಿನ ಗರಿಯ ತುಂಡು ಸಿಕ್ಕಿಸುವುದು. ಹಾರಿ ಮರಳು ಮುಟ್ಟುವವರೆಗೆ ಗರಿ ಉದುರಬಾರದು. ಉದುರಿದರೆ ಮತ್ತೆ ಮೇಲೆ. ಬಲೆ ಕೊಡವುತ್ತಿದ್ದ ಗಂಡಸರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಸಿಕ್ಕಿರಲಿಲ್ಲ. "ಹ್ವಾಯ್, ಇವತ್ತ್ ಮಿಲಿಟ್ರಿ ಎಷ್ಟ್ ಸಲ ಬಿತ್ತ್?" ಅಂತ ದಿನಾ ವಿಚಾರಿಸುತ್ತಿದ್ದರು. ಅತ್ತೆಗೆ ನಾಚಿಕೆ. "ಎಂತ ಹೆಣೆ ಇದ್, ಊರ್ ಜನದ್ ಎದ್ರಿಗೆ ಗಂಡನ್ನ ಮಂಗನ್ ಕುಣ್ಸ್ದಾಂಗೆ ಕುಣ್ಸ್ತ್ಯಲೆ?" ಅಂದರು. ಎರಡು ಕೋಣೆಯ ಮನೆ ಕಣ್ಣ ಮುಂದೆ ಇದ್ದದ್ದರಿಂದ ನನಗೆ ಯಾರ ಮಾತೂ ತಾಗಲಿಲ್ಲ.

ಒಂದೆರಡು ವಾರದಲ್ಲಿ ಗರಿ ಉದುರುವುದು ನಿಂತಿತು. ಆ ಸಂತೋಷದಲ್ಲಿ ನಾನು ಒಂದು ಸಂಗತಿ ಯೋಚಿಸಲಿಲ್ಲ. ಆ ವರ್ಷ ಮಾವನ ದೋಣಿಯ ಮೂತಿಯಲ್ಲಿ ನಿಲ್ಲುತ್ತಿದ್ದ ಆಳು ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋಗಿದ್ದ. ಬೇರೆ ಜನ ಸಿಕ್ಕಿರಲಿಲ್ಲ. ಮಗ ರಜೆಯಲ್ಲಿ ಬಂದು ಕುಂಟುವುದು ನಿಂತದ್ದೇ ಮೂತಿಯ ಕೆಲಸ ಮಗನದಾಯಿತು. ಅಂದರೆ ಬೆಳಿಗ್ಗೆ ದೋಣಿಯಿಂದ ಕಾಲು ಅಗಲಿಸಿ ಹಾರಬೇಕು, ಸಂಜೆ ಅದೇ ಮರಳಿಗೆ ಅಂಥದ್ದೇ ಮೂತಿಯಿಂದ ಕಾಲು ಕೂಡಿಸಿ ಹಾರಬೇಕು. ಒಂದು ಬೆಳಿಗ್ಗೆ ನನ್ನ ಪಾಠ ಕೆಲಸ ಮಾಡಿಬಿಟ್ಟಿತು. ಅಲೆಯ ಮೇಲೆ ಬಂದ ದೋಣಿಯಿಂದ ಅವರು ಎರಡೂ ಕಾಲು ಜೋಡಿಸಿ ಹಾರಿದರು. ನೀರು ಎಳೆಯಿತು, ಬಿದ್ದರು, ಹಗ್ಗ ಕೈ ಬಿಟ್ಟಿತು. ದೋಣಿ ಅಡ್ಡ ತಿರುಗಿತು. ಹಿಂದಿನ ಅಲೆ ಬಂದು ಅಡ್ಡ ನಿಂತ ದೋಣಿಗೆ ಹೊಡೆದು ಬಲೆ, ಮೀನು, ಆಳುಗಳು ಎಲ್ಲ ನೀರಿಗೆ. ಯಾರ ಜೀವವೂ ಹೋಗಲಿಲ್ಲ. ಮಾವನ ದಾಯಾದಿ ಒಬ್ಬರ ಭುಜದ ಕೀಲು ತಪ್ಪಿತು.

ಮಾವನಿಗೆ ಸಿಟ್ಟು ಬಂದರೆ ಅವರು ಕೂಗುವವರಲ್ಲ, ದನಿ ಇಳಿಯುತ್ತದೆ. ಇಳಿದ ದನಿಯಲ್ಲಿ ಮಗನಿಗೆ ಹೇಳಿದರು: "ಮಿಲಿಟ್ರಿ ಕಾಲ್ ತಕಂಡ್ ನನ್ ದೋಣಿ ಹತ್ಬೇಡ."

ನನಗೂ ಬಾಯಿ ಇತ್ತು. "ಹಾಂಗಾರೆ ದೋಣಿಗ್ ಕಳ್ಸೂದೇ ಬೇಡ ಮಾವ. ಅವ್ರ್ ಪಾಸ್ ಆಯ್ಕ್. ಇದೊಂದೇ ಸಲ ಇಪ್ಪುದ್," ಅಂದೆ. ಮಾವನ ಎದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಒಳಗಿನಿಂದ ಹೆಸರು ಹಿಡಿಯದೆ ಕರೆದರು, ಸುಮ್ಮನಿರು ಅಂತ ಅರ್ಥ. ನನ್ನ ಗಂಡ ಒದ್ದೆ ಬಟ್ಟೆಯಲ್ಲಿ ನಿಂತು ಇಬ್ಬರನ್ನೂ ನೋಡಿದರು. ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಅನ್ನಕ್ಕೆ ಕಲ್ಲು.

ಮಾವ ಯೋಚನೆ ಮಾಡಿದರು. ದೋಣಿ ನಿಲ್ಲಿಸಿದರೆ ಮನೆ ನಡೆಯುವುದಿಲ್ಲ. ಮಗನ ಆಸೆಗೆ ಅಡ್ಡ ಬರುವ ಮನಸ್ಸೂ ಅವರಿಗೆ ಇರಲಿಲ್ಲ, ಅದು ಸತ್ಯ. ಸಂಜೆ ಊಟಕ್ಕೆ ಕೂತಾಗ ಒಂದು ದಾರಿ ಹೇಳಿದರು. "ಒಂದೇ ಜಾಗದಂಗೆ ಎರಡ್ ನಮೂನಿ ಕಲ್ಸ್ರೆ ಕಾಲಿಗ್ ಹ್ಯಾಂಗ್ ಗೊತ್ತಾಪ್ದ್? ಹೊಯ್ಗೆ ನಂಗ್ ಬಿಡಿ. ಗದ್ದೆಯಂಗೆ ನೀವ್ ಎಂತ ಬೇಕಾರೂ ಮಾಡಿ." ಹೊಯ್ಗೆ ಅಂದರೆ ನಮ್ಮ ಕಡೆ ಮರಳು. ಮರಳಿನಲ್ಲಿ ಅಪ್ಪನ ಮಾತು, ಗದ್ದೆಯ ಮಣ್ಣಿನಲ್ಲಿ ಹೆಂಡತಿಯ ಮಾತು. ಕೇಳಿದ ಎಲ್ಲರಿಗೂ ಇದು ಸರಿ ಅನಿಸಿತು. ವಿಮಾನದಿಂದ ಹಾರುವವರು ಬೀಳುವುದು ಬಯಲು ಗದ್ದೆಗೆ ಅಂತ ನನ್ನ ಗಂಡ ಹೇಳಿದರು. ಅಲ್ಲಿ ಕಡಲು ಎಲ್ಲಿಂದ ಬರಬೇಕು? ನನಗಂತೂ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡುವಷ್ಟು ಖುಷಿಯಾಯಿತು.

ನಮ್ಮ ಕೇರಿಯ ಹಿಂದೆ, ರಸ್ತೆಯಾಚೆ, ಗದ್ದೆ ಬೇಸಾಯದ ದೊಡ್ಡ ಮನೆಯೊಂದಿತ್ತು. ಕೊಯ್ದು ಖಾಲಿ ಬಿಟ್ಟ ಅವರ ಗದ್ದೆಯನ್ನು ಕೇಳಿದೆವು. ಆ ಮನೆಯ ಅಮ್ಮ, "ಬೀಳೂಕ್ ಗದ್ದಿ ಕೇಂಬವ್ರನ್ನ ಇದೇ ಮೊದ್ಲ್ ಕಂಡದ್," ಅಂತ ನಕ್ಕು ಒಪ್ಪಿದರು. ಗದ್ದೆಯ ಅಂಚಿಗೆ ಮುರಕಲ್ಲಿನ ಆಳೆತ್ತರದ ಗೋಡೆ. ಅದರ ಪಕ್ಕ ಒಂದು ಗೇರು ಮರ. ನಮ್ಮ ತರಬೇತಿ ಶಾಲೆ ಅದು.

ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ ಹತ್ತಿ ಹಾರಿಬಂದ ಹಾಗೆ ಮೆಲ್ಲಗೆ ಇಳಿಯುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಆ ದುಂಡು ಕೊಡೆಗೆ ತಡೆ ಅನ್ನುವುದು ಇಲ್ಲ, ಚುಕ್ಕಾಣಿಯೂ ಇಲ್ಲ. ಹೆಗಲ ಮೇಲಿನ ಪಟ್ಟಿಗಳನ್ನು ಜಗ್ಗಿದರೆ ಸ್ವಲ್ಪ ಅತ್ತಿತ್ತ ಹೋಗುತ್ತದೆ, ಗಾಳಿ ಜೋರಿದ್ದರೆ ಅದೂ ಇಲ್ಲ. ಆಳೆತ್ತರದ ಗೋಡೆಯಿಂದ ಹಾರಿದಷ್ಟು ಜೋರಾಗಿ ನೆಲ ಬಂದು ಬಡಿಯುತ್ತದೆ. ಆ ಪೆಟ್ಟನ್ನು ಒಂದು ಕಾಲು ತಿಂದರೆ ಆ ಕಾಲು ಮುರಿಯಿತು. ಎರಡೂ ಕಾಲು, ಎರಡೂ ಮಂಡಿ ಅಂಟಿಕೊಂಡಿರಬೇಕು, ಮಂಡಿ ಸ್ವಲ್ಪ ಬಾಗಿರಬೇಕು, ಗದ್ದ ಎದೆಗೆ ತಾಗಿರಬೇಕು. ಪಾದ ಮುಟ್ಟಿದ ಕೂಡಲೇ ಮೈ ಬಿಟ್ಟುಕೊಡಬೇಕು: ಮೀನಖಂಡ, ತೊಡೆ, ಸೊಂಟ, ಬೆನ್ನು, ಹೀಗೆ ಒಂದೊಂದಾಗಿ ನೆಲಕ್ಕೆ ಉರುಳಿದರೆ ಪೆಟ್ಟು ಮೈಯೆಲ್ಲ ಹಂಚಿಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ನಿಯಮ, ಕೆಳಗೆ ನೋಡಬಾರದು. ದೂರದ ಮರದ ತುದಿ ನೋಡಬೇಕು. ನೆಲ ನೋಡಿದವನ ಕಾಲು ನೆಲ ಹುಡುಕಿಕೊಂಡು ಹೋಗುತ್ತದೆ ಅಂತ ಉಸ್ತಾದ ಹೇಳುತ್ತಿದ್ದನಂತೆ.

ಗೇರು ಮರದ ಕೊಂಬೆಗೆ ದೋಣಿಯ ಹಳೆ ಹಗ್ಗ ಸುತ್ತಿ, ಒಂದು ತುದಿ ನಾನು ಹಿಡಿದು, ಇನ್ನೊಂದಕ್ಕೆ ತೊಡೆಗೂ ಹೆಗಲಿಗೂ ಬರುವ ಹಾಗೆ ಕುಣಿಕೆ ಮಾಡಿ, ಅವರನ್ನು ತೂಗುಹಾಕುತ್ತಿದ್ದೆವು. ಎರಡು ತೊಡೆಯ ಪಟ್ಟಿ ಒಂದೇ ಸಮ ಬಿಗಿ ಇರಬೇಕು, ಒಂದು ಸಡಿಲ ಇದ್ದರೆ ಆ ಕಡೆಯ ಕಾಲು ಇಳಿದು ನಿಲ್ಲುತ್ತದೆ. ಅದನ್ನು ನಾನೇ ಕಂಡುಹಿಡಿದು ಹೇಳಿದಾಗ ಅವರು ನನ್ನನ್ನೇ ಉಸ್ತಾದ ಅಂತ ಕರೆದರು. ಎದೆಯ ಮೇಲೆ ಇನ್ನೊಂದು ಪ್ಯಾರಾಚೂಟಿನ ಕಟ್ಟು ಇರುತ್ತದೆ, ಬೆನ್ನಿನದು ಬಿಚ್ಚದಿದ್ದರೆ ಇರಲಿ ಅಂತ. ಆ ಕಟ್ಟು ಕಾಲನ್ನೇ ಮರೆ ಮಾಡುತ್ತದೆ. ಅದಕ್ಕೆ ನನ್ನ ಮೀನಿನ ಬುಟ್ಟಿಯನ್ನು ಅವರ ಎದೆಗೆ ಕಟ್ಟುತ್ತಿದ್ದೆ. ತೂಗುತ್ತಾ ಇರುವಾಗ ಹೇಳದೆ ಕೇಳದೆ ಹಗ್ಗ ಬಿಡುತ್ತಿದ್ದೆ. ಮುಂದಕ್ಕೆ ತೂಗಿದಾಗ ಬಿಟ್ಟರೆ ಒಂದು ತರ ಉರುಳಬೇಕು, ಹಿಂದಕ್ಕೆ ತೂಗಿದಾಗ ಬಿಟ್ಟರೆ ಇನ್ನೊಂದು ತರ. ಮೈಯೆಲ್ಲ ಮೀನಿನ ವಾಸನೆ ಮೆತ್ತಿಕೊಂಡು ಗದ್ದೆಯಲ್ಲಿ ಉರುಳುವ ಗಂಡನನ್ನು ನೋಡಿ ಅತ್ತೆಯೂ ಒಂದು ದಿನ ತಡೆಯಲಾರದೆ ನಕ್ಕುಬಿಟ್ಟರು.

ಬೂಟಿನದು ಬೇರೆಯೇ ಪಂಚಾಯ್ತಿಕೆ. ಹುಟ್ಟಿದಾಗಿನಿಂದ ಮರಳಲ್ಲಿ ಬರಿಗಾಲಲ್ಲಿ ನಡೆದ ಪಾದ ಅವರದು, ಬೆರಳೆಲ್ಲ ಬಿಡಿಸಿಕೊಂಡು ಮೊರದಷ್ಟು ಅಗಲ. ಆ ಅಗಲಕ್ಕೆ ಹಿಡಿಸುವ ಬೂಟು ಉದ್ದದಲ್ಲಿ ದೊಡ್ಡದಾಗುತ್ತದೆ, ಒಳಗೆ ಹರಡು ಆಡುತ್ತದೆ. ಮೊದಲ ಸಲ ಉಳುಕಿದ್ದೇ ಹಾಗೆ. ಉದ್ದ ಸರಿ ಇದ್ದ ಇನ್ನೊಂದು ಜೊತೆಯನ್ನೂ ಕೇಳಿ ತಂದಿದ್ದರು, ಅದು ಬೆರಳು ಹಿಂಡುತ್ತಿತ್ತು. ಸಡಿಲದ್ದು ಹಾಕಿ ಒಂದು ವಾರ, ಬಿಗಿಯದ್ದು ಹಾಕಿ ಒಂದು ವಾರ ಹಾರಿಸಿ ನೋಡಿದೆ. ಬಿಗಿಯದ್ದರಲ್ಲಿ ಹರಡು ಅಲ್ಲಾಡಲಿಲ್ಲ. ಅದನ್ನೇ ನೀರಲ್ಲಿ ನೆನೆಸಿ, ಹಾಕಿಕೊಂಡೇ ಒಣಗಿಸಿ, ಪಾದದ ಅಳತೆಗೆ ತಂದೆವು. ಕಿರುಬೆರಳ ಚರ್ಮ ಎದ್ದು ರಕ್ತ ಬಂತು. "ಬೆರಳ್ ಹೋರೆ ಹೋತ್ತ್, ಕಾಲ್ ಉಳಿತ್ತಲೆ," ಅಂದರು. ಇಬ್ಬರೂ ನಕ್ಕೆವು.

ರಜೆ ಮುಗಿಯುವ ಹೊತ್ತಿಗೆ ಅವರಿಗೆ ಎರಡು ಇಳಿಯುವಿಕೆ ಬಂದಿತ್ತು, ಒಂದಕ್ಕೊಂದು ಸೋಕದ ಹಾಗೆ. ಬೆಳಿಗ್ಗೆ ಒದ್ದೆ ಮರಳಿಗೆ ಬಲಗಾಲು ಚಾಚಿ ಗೂಟ ಹೊಡೆದ ಹಾಗೆ ನಿಲ್ಲುತ್ತಿದ್ದರು, ಮಾವ ದೋಣಿಯಿಂದಲೇ ತಲೆ ಆಡಿಸುತ್ತಿದ್ದರು. ಸಂಜೆ ಗೋಡೆಯಿಂದ ಹಾರಿದರೆ ಎರಡು ಕಾಲು ಹೊಲಿದ ಹಾಗೆ ಬರುತ್ತಿದ್ದವು. ಯೋಚನೆ ಮಾಡಬೇಕಾಗಿರಲಿಲ್ಲ. ಮಣ್ಣು ಕಂಡರೆ ಕೂಡುತ್ತಿದ್ದವು, ಮರಳೂ ನೀರೂ ಕಂಡರೆ ಅಗಲುತ್ತಿದ್ದವು. ನಾವು ಭಾರಿ ಜಾಣರು ಅಂದುಕೊಂಡೆವು. ಆ ಉಸ್ತಾದನಿಗೆ ಸಾಧ್ಯವಾಗದ್ದು ಒಂದು ಗೇರು ಮರದ ಕೆಳಗೆ ನನ್ನಿಂದ ಆಯಿತಲ್ಲ ಅಂತ ನನಗೆ ಒಳಗೊಳಗೇ ಜಂಬ.

ಕುಂದಾಪುರದವರೆಗೆ ಹೋಗಿ ಅವರನ್ನು ಬಸ್ಸು ಹತ್ತಿಸಿ ಬಂದೆ. ಬಂದವಳೇ ಟ್ರಂಕು ತೆಗೆದು ಒರೆಸಿದೆ. ಹಂಗಾರಕಟ್ಟೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿಯೂ ಬಂದೆ, ಇನ್ನು ನಾನು ಬರುವುದು ವರ್ಷಕ್ಕೊಂದು ಸಲ ಅಂತ. ಅಮ್ಮ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು, ಮಗಳು ಗಂಡನ ಜೊತೆ ಇರಲು ಹೋಗುವುದಕ್ಕೆ ಅಳುವುದೇನು ಅಂತ.

ಅಲ್ಲಿಂದ ಕಾರ್ಡು ಬಂತು. ನೆಲದ ಪಾಠ ಪಾಸು. ಉಸ್ತಾದ ಬೆನ್ನು ತಟ್ಟಿದನಂತೆ. ಆಮೇಲೆ ಒಂದೊಂದು ಹಾರಾಟಕ್ಕೆ ಒಂದೊಂದು ಕಾರ್ಡು. ಮಾವ ಪ್ರತಿಯೊಂದನ್ನೂ ನನ್ನಿಂದ ಎರಡೆರಡು ಸಲ ಓದಿಸಿದರು. ನಾಲ್ಕು ಆಯಿತು, ಇನ್ನು ಒಂದು ಅಂತ ಬಂದ ಮೇಲೆ ಕಾರ್ಡು ನಿಂತಿತು. ಪಾಸಾದ ಗಡಿಬಿಡಿಯಲ್ಲಿ ಬರೆಯಲು ಪುರುಸೊತ್ತಿಲ್ಲ ಅಂತ ನಾನು, ಮನೆ ಹುಡುಕುತ್ತಿರಬಹುದು ಅಂತ ಅತ್ತೆ. ಬಹಳ ದಿನ ಕಳೆದು ಬೇರೆ ಯಾರದೋ ಅಕ್ಷರದಲ್ಲಿ ಆಸ್ಪತ್ರೆಯಿಂದ ಒಂದು ಕಾರ್ಡು ಬಂತು. ಕಾಲು ಮುರಿದಿದೆ, ಜೀವಕ್ಕೆ ಅಪಾಯ ಇಲ್ಲ ಅಂತ ಅದರಲ್ಲಿತ್ತು. ಹೇಗೆ ಮುರಿಯಿತು ಅಂತ ಇರಲಿಲ್ಲ.

ಅವರು ಬಂದದ್ದು ಮಳೆಗಾಲ ಕಳೆದ ಮೇಲೆ. ಬೈಂದೂರಿನಿಂದ ಬಂದ ಬಸ್ಸು ನಿಂತಿತು, ಮೊದಲು ಊರುಗೋಲು ಇಳಿಯಿತು, ಆಮೇಲೆ ಅವರು. ಬಲಗಾಲಿನ ಮೂಳೆ ಎರಡು ಕಡೆ ಮುರಿದು ಕೂಡಿತ್ತು, ಮಂಡಿ ಮಡಚುತ್ತಿರಲಿಲ್ಲ. ಸೈನ್ಯದಿಂದ ಬಿಡುಗಡೆಯಾಗಿತ್ತು. ಎರಡು ಕೋಣೆಯ ಮಾತನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಟ್ರಂಕನ್ನು ಅತ್ತೆ ಯಾವಾಗಲೋ ಒಳಗೆ ಇಟ್ಟು ಅದರ ಮೇಲೆ ಚಾಪೆ ಹೊದಿಸಿದ್ದರು.

ನಡೆದದ್ದನ್ನು ಅವರು ಅವತ್ತು ಸಂಜೆ ಜಗಲಿಯಲ್ಲಿ ಕೂತು ಹೇಳಿದರು. ಮಾವ ಕಂಬಕ್ಕೆ ಒರಗಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ. ಐದನೆಯ ಹಾರಾಟ. ಎಲ್ಲ ಸರಿಯಾಗಿತ್ತು. ಬೂಟು ಬಿಗಿ ಇತ್ತು, ಪಟ್ಟಿಗಳು ಸಮ ಇದ್ದವು, ಕೊಡೆ ಚೆನ್ನಾಗಿ ಬಿಚ್ಚಿತ್ತು. ಕಾಲು ಕೂಡಿಸಿಕೊಂಡು ದೂರದ ಮರ ನೋಡುತ್ತಾ ಬರುತ್ತಿದ್ದರು. ಅಷ್ಟರಲ್ಲಿ ಗಾಳಿ ಎದ್ದಿತು. ಪಟ್ಟಿ ಜಗ್ಗಿದರೂ ಕೊಡೆ ಕೇಳಲಿಲ್ಲ. ಬಯಲು ದಾಟಿ, ಬಯಲಿನ ಆಚೆ ಬೇಸಿಗೆಗೆ ಅರ್ಧ ಬತ್ತಿದ ಒಂದು ಹೊಳೆಯ ಕಡೆ ಅವರನ್ನೂ ಇನ್ನು ಕೆಲವರನ್ನೂ ಎತ್ತಿಕೊಂಡು ಹೋಯಿತು.

"ಮೂಗಿಗ್ ನೀರಿನ್ ವಾಸ್ನಿ ಬಂತ್," ಅಂದರು. "ಕಣ್ ಕೆಳ್ಗ್ ಹೋಯ್ತ್. ಬಿಳಿ ಹೊಯ್ಗೆ ಕಂಡ್ತ್, ಅದ್ರ್ ಬದಿಯಂಗೆ ಹರೂ ನೀರ್ ಕಂಡ್ತ್. ಕಾಲ್ ತನ್ನಷ್ಟಕ್ಕೇ ಮುಂದ್ ಹೋಯ್ತ್. ಕೂಡ್ಸ್ಕ್ ಅಂದೇಳಿ ನೆನಪಾಪ್ಕೂ ಹೊತ್ತ್ ಇಲ್ಲೆ."

ಇಡೀ ಮೈಯ ಭಾರ, ಗಾಳಿಯ ಎಳೆತ, ಎಲ್ಲ ಆ ಒಂದು ಕಾಲಿನ ಮೇಲೆ ಬಿತ್ತು. ಅದೇ ಮರಳಿಗೆ ಬಿದ್ದ ಉಳಿದವರಿಗೆ ತರಚಿದ ಗಾಯವೂ ಇರಲಿಲ್ಲವಂತೆ. ಮರಳು ಮೆತ್ತಗಿತ್ತು ಅಂತ ನಗುತ್ತಾ ಎದ್ದು ಹೋದರಂತೆ. ಆ ಉಳಿದವರಿಗೆಲ್ಲ ರೆಕ್ಕೆಯ ಗುರುತು ಸಿಕ್ಕಿತು. ಗದ್ದೆಗೆ ಹೋದರೆ ಸಾಕು ಅಂದುಕೊಂಡ ನಾಲ್ಕು ಜನರಲ್ಲಿ ಒಬ್ಬರಿಗೂ ಲೋಕದಲ್ಲಿ ಹೊಳೆ ಅನ್ನುವುದೊಂದು ಇದೆ ಅಂತ ಹೊಳೆಯಲಿಲ್ಲ. ಅದೂ ಎರಡು ಮೈಲಿಗೊಂದು ಹೊಳೆ ಇರುವ ನಮ್ಮ ಊರಿನಲ್ಲಿ ಕೂತುಕೊಂಡು.

ಮಾವ ಕಂಬ ಬಿಟ್ಟು ಮುಂದೆ ಬಾಗಿ ಕೂತರು. ಆಮೇಲೆ, "ಹೊಯ್ಗೆ ಹಸಿ ಇದ್ದಿತ್ತಾ?" ಅಂತ ಕೇಳಿದರು.

"ಹೌದ್ ಅಪ್ಪಯ್ಯ."

"ಯಾವ್ ಕಾಲ್ ಮುಂದ್ ಹಾಕ್ದೆ?"

"ಬಲ್ಗಾಲ್."

"ಇನ್ನೊಂದ್ ಹಿಂದ್ ಇದ್ದಿತ್ತಾ?"

"ಇದ್ದಿತ್."

ಮಾವ ತಲೆ ಆಡಿಸಿದರು. "ಹಾಂಗಾರೆ ನೀ ಸರಿಯೇ ಇಳ್ದಿದ್ದೆ ಮಗಾ. ನೀರ್ ಬದಿಯಂಗೆ ಹಾಂಗೇ ಇಳೂದ್. ನಿಂದ್ ತಪ್ಪ್ ಎಂತದೂ ಇಲ್ಲೆ."

ಸಮಾಧಾನಕ್ಕೇ ಹೇಳಿದ್ದು. ಮನಸ್ಸಿನಲ್ಲಿ ಒಂದು ಚೂರೂ ಕೊಂಕು ಇರಲಿಲ್ಲ. ಆಸ್ಪತ್ರೆಯ ಸಂಗತಿಯನ್ನು, ಬಿಡುಗಡೆಯ ಸಂಗತಿಯನ್ನು ಕಣ್ಣಲ್ಲಿ ನೀರಿಲ್ಲದೆ ಹೇಳಿದ ನನ್ನ ಗಂಡ ಆ ಮಾತು ಕೇಳಿ ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡರು. ನಾನು ಹೋಗಿ ಹಿಡಿದುಕೊಳ್ಳಲಿಲ್ಲ. ಮಾವ ತಪ್ಪು ಅಂದಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು ಅಂತ ಅನಿಸುತ್ತಿತ್ತು. ತಪ್ಪಾಗಿದ್ದರೆ ಮತ್ತೆ ಗೋಡೆ ಹತ್ತಿಸಿ ತಿದ್ದುತ್ತಿದ್ದೆ, ಕಾಲು ಮಡಚದಿದ್ದರೂ ಹೇಗಾದರೂ ಮಾಡಿ ತಿದ್ದುತ್ತಿದ್ದೆ ಅನ್ನುವಂಥ ಹುಚ್ಚು ಆಗ ನನ್ನದು. ಸರಿಯಾಗಿ ಮಾಡಿ ಮುರಿದುಕೊಂಡು ಬಂದವರಿಗೆ ನಾನು ಏನು ಹೇಳಿಕೊಡಲಿ?

ಮೂತಿಯಲ್ಲಿ ನಿಲ್ಲಲು ಆ ವರ್ಷವೂ ಆಳು ಇರಲಿಲ್ಲ, ಮೂಳೆ ಕೂಡಿದ ಮೇಲೆ ಮಗ ಬರುತ್ತಾನೆ ಅಂತ ಮಾವ ಯಾರನ್ನೂ ಹುಡುಕಿರಲಿಲ್ಲ. ಮರುದಿನ ಬೆಳಿಗ್ಗೆ ಮಾವನೇ ನಿಂತರು. ನಮ್ಮ ಜಗಲಿಯಿಂದ ದಂಡೆ ಕಾಣುತ್ತದೆ. ನನ್ನ ಗಂಡ ಮಡಚದ ಕಾಲು ಚಾಚಿ ಕೂತು ದೋಣಿ ಬರುವುದನ್ನು ನೋಡುತ್ತಿದ್ದರು. ಅಲೆ ಏರಿ ಬಂದ ದೋಣಿಯಿಂದ ತಲೆ ನೆರೆತ ಮಾವ ಹಗ್ಗ ಹಿಡಿದು ಹಾರಿದರು, ಕಾಲು ಸರಿಯಾಗಿಯೇ ಬಿತ್ತು, ಆದರೆ ನೀರು ಎಳೆದಾಗ ನಿಲ್ಲುವ ಬಲ ಇರಲಿಲ್ಲ, ಮಂಡಿಯೂರಿ ಬಿದ್ದರು. ಬೇರೆ ದೋಣಿಯವರು ಓಡಿ ಬಂದು ಹಗ್ಗ ಹಿಡಿದರು. ನನ್ನ ಗಂಡ ಏಳಲು ಹೋಗಿ, ಊರುಗೋಲು ಕೈಗೆ ಸಿಗದೆ, ಮತ್ತೆ ಅಲ್ಲೇ ಕೂತರು.